ಹೊರಗಿನ ಚೌಕಟ್ಟು, ಒಳಗಿನ ಬೆಸುಗೆ

ರಾಯಬಾಗ ತಾಲ್ಲೂಕಿನ ಅಲಖನೂರಿನ ಸುತ್ತಮುತ್ತ ಕಬ್ಬಿನ ಕಟಾವು ಮೊದಲಾಯಿತೆಂದರೆ ಹಾದಿಗಳ ಸ್ವರೂಪವೇ ಬೇರೆಯಾಗುತ್ತದೆ. ಹೇರು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟುವ ಹಾದಿಯಲ್ಲಿಯೇ ಶಾಲೆಯ ಮಕ್ಕಳೂ ಸೈಕಲ್ಲು ತುಳಿಯಬೇಕು. ತೊಡೆಯ ಎಲುಬು ಶರೀರದಲ್ಲೆಲ್ಲ ಅತಿ ಉದ್ದವೂ ಅತಿ ಬಲವೂ ಆದುದು. ಹನ್ನೆರಡು ವರ್ಷದ ಬಾಲಕನಲ್ಲಿ ಅದು ಮುರಿಯಿತೆಂದರೆ ಪೆಟ್ಟು ಸಾಮಾನ್ಯವಾದುದಲ್ಲ. ತೊಡೆಯೊಳಗೆ ಸುರಿಯುವ ನೆತ್ತರು ಕಣ್ಣಿಗೆ ಕಾಣುವುದೂ ಇಲ್ಲ.

ಚಿಕಿತ್ಸೆಯ ಬಗೆ ವಯಸ್ಸಿನೊಡನೆ ಬದಲಾಗುತ್ತದೆ. ಐದು ವರ್ಷದೊಳಗಿನ ಕೂಸಿಗೆ ಸೊಂಟದಿಂದ ಕಾಲಿನವರೆಗೆ ಹಾಕುವ ಪ್ಲಾಸ್ಟರ್ ಸಾಮಾನ್ಯವಾಗಿ ಸಾಕು. ದೊಡ್ಡ ಮಕ್ಕಳನ್ನು ಹಿಂದೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. 1980ರ ಸುಮಾರಿಗೆ ಫ್ರಾನ್ಸಿನ ನ್ಯಾನ್ಸಿ ನಗರದ ವೈದ್ಯರು ಬಾಗುವ ಸಲಾಕೆಗಳನ್ನು ಎಲುಬಿನೊಳಗೆ ತೂರಿಸುವ ಕ್ರಮವನ್ನು ರೂಢಿಗೆ ತಂದರು. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂದು ಅದೇ ಮೊದಲ ಉಪಾಯ. ಅದಕ್ಕೂ ದೊಡ್ಡವರಿಗೆ ಗಟ್ಟಿ ಸಲಾಕೆ.

ಆದರೆ ಚರ್ಮ ಸೀಳಿ ಗಾಯಕ್ಕೆ ಮಣ್ಣು ಸೇರಿದ್ದರೆ, ಎಲುಬು ಚೂರಾಗಿದ್ದರೆ, ಅಥವಾ ತಲೆಗೂ ಹೊಟ್ಟೆಗೂ ಪೆಟ್ಟಾಗಿ ದೀರ್ಘ ಶಸ್ತ್ರಕ್ರಿಯೆಗೆ ಸಮಯವಿಲ್ಲದಿದ್ದರೆ ಹೊರಚೌಕಟ್ಟು ನೆರವಿಗೆ ಬರುತ್ತದೆ. ಬೆಲ್ಜಿಯಮ್ಮಿನ ಲಾಂಬೊಟ್ 1902ರಲ್ಲಿಯೂ ಜಿನೀವಾದ ಹಾಫ್‌ಮನ್ 1938ರಲ್ಲಿಯೂ ರೂಪಿಸಿದ ಉಪಕರಣಗಳು ಇದರ ಹಿರಿಯರು. ಮುರಿದೆಡೆಯ ಮೇಲೂ ಕೆಳಗೂ ಚರ್ಮದ ಮೂಲಕ ಎಲುಬಿಗೆ ಉಕ್ಕಿನ ಮೊಳೆಗಳನ್ನು ತಿರುಗಿಸಿ ಕೂರಿಸಿ, ಹೊರಗಿನಿಂದ ಒಂದು ದಂಡಕ್ಕೆ ಬಿಗಿಯುತ್ತಾರೆ. ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದುವಾದ ಪದರಗಳಿವೆ. ಮೊಳೆ ಅವನ್ನು ಮುಟ್ಟಬಾರದು, ಮುಟ್ಟಿದರೆ ಕಾಲು ಗಿಡ್ಡವೋ ಸೊಟ್ಟವೋ ಆದೀತು. ಗಾಯ ತೆರೆದೇ ಇರುವುದರಿಂದ ದಿನವೂ ತೊಳೆದು ಕಟ್ಟಲು ಸುಲಭ. ವೈದ್ಯರು ಒಪ್ಪಿದೊಡನೆ ಮಗು ಊರುಗೋಲು ಹಿಡಿದು ನಡೆದೀತು.

ಈ ಅನುಕೂಲಕ್ಕೆ ಬೆಲೆಯೂ ಉಂಟು. ಮೊಳೆಯ ಬುಡದಲ್ಲಿ ಕೀವು ಕಟ್ಟುವುದು ಸಾಮಾನ್ಯ. ನಿತ್ಯದ ಶುಚಿತ್ವವೇ ಅದಕ್ಕೆ ಮೊದಲ ಮದ್ದು. ಮೊಣಕಾಲು ಬಿಗಿಯದಂತೆ ವ್ಯಾಯಾಮ ಬೇಕು. ಎಲ್ಲಕ್ಕಿಂತ ಕಠಿಣವಾದುದು ತಾಳ್ಮೆ. ಭಾರವನ್ನೆಲ್ಲ ಚೌಕಟ್ಟೇ ಹೊತ್ತರೆ ಹೊಸ ಎಲುಬು ಗಟ್ಟಿಯಾಗಲು ತಡವಾಗುತ್ತದೆ. ಅವಸರದಿಂದ ಬಿಚ್ಚಿಸಿದರೆ ಅದೇ ಎಲುಬು ಮತ್ತೆ ಮುರಿದೀತು. ಎಕ್ಸ್‌ರೇ ಚಿತ್ರ ಒಪ್ಪಿಗೆ ಕೊಡುವವರೆಗೆ ಕಾಯುವುದೇ ಲೇಸು.

ರಾಯಬಾಗದಿಂದ ರೈಲು ಒಂದು ಕಡೆ ಮಿರಜಿಗೂ ಇನ್ನೊಂದು ಕಡೆ ಬೆಳಗಾವಿಗೂ ಒಯ್ಯುತ್ತದೆ. ಮಿರಜಿನಲ್ಲಿ ವಾನ್ಲೆಸ್ ಅವರ ಆಸ್ಪತ್ರೆ 1894ರಲ್ಲಿ ತೆರೆಯಿತು, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು 1963ರಲ್ಲಿ ಪ್ರಾರಂಭವಾಯಿತು. ಆದರೆ ಅಪಘಾತದ ಹೊತ್ತಿಗೆ ರೈಲಿನ ದಾರಿ ಕಾಯದೆ 108ಕ್ಕೆ ಕರೆಮಾಡಬೇಕು. ಅಲ್ಲಿಯತನಕ ಗಾಯಕ್ಕೆ ಶುಭ್ರವಾದ ಬಟ್ಟೆ ಹೊದಿಸಿ, ಮುರಿದ ಕಾಲನ್ನು ನೆಟ್ಟಗಿನ ಹಲಗೆಗೋ ಇನ್ನೊಂದು ಕಾಲಿಗೋ ಮೆಲ್ಲಗೆ ಕಟ್ಟಬೇಕು. ಎಣ್ಣೆ ಹಚ್ಚಿ ನೀವುವುದೂ ಬಿದಿರುದಬ್ಬೆಯಿಂದ ಬಿಗಿಯುವುದೂ ಬೇಡ; ಬಿಗಿದ ಕಟ್ಟು ರಕ್ತದ ಹರಿವನ್ನು ತಡೆದರೆ ಉಳಿಯಬೇಕಾದ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಮಗುವಿನ ತೊಡೆಯಿಂದ ಹೊರಚಾಚಿದ ಉಕ್ಕನ್ನು ಕಂಡು ತಾಯಿಯ ಕರುಳು ಚುರುಕ್ಕೆನ್ನುವುದು ಸಹಜ. ಆ ಉಕ್ಕು ಕೆಲವು ತಿಂಗಳ ಅತಿಥಿ. ಕಾಲಾದರೋ ಬಾಳಿನುದ್ದಕ್ಕೂ ಬೇಕಾದುದು.