ಹುಡುಗಿಯ ಹಾಜರಿಯೂ ರಕ್ತದೊಳಗಿನ ಸಕ್ಕರೆಯೂ

ಕಳೆದ ವರ್ಷ ದಂಪತಿಗಳಿಬ್ಬರು ಮಗಳ ಹಾಜರಿ ಕೊರತೆಯ ನೋಟೀಸು ಹಿಡಿದು ನನ್ನ ಕಚೇರಿಗೆ ಬಂದರು. ಒಂಬತ್ತನೆಯ ತರಗತಿಯ ಹುಡುಗಿ. ತಿಂಗಳಿಗೆ ಏಳೆಂಟು ದಿನ ಮುಟ್ಟಿನ ಅತಿಸ್ರಾವದಿಂದ ಶಾಲೆಗೆ ಹೋಗಲಾರಳು. ತಂದೆ ತಲೆ ತಗ್ಗಿಸಿ ಕುಳಿತಿದ್ದರು. ತಾಯಿಯೇ ಹೇಳಿದರು: “ಹೆಣ್ಣುಮಕ್ಕಳಿಗೆ ಇದ್ದದ್ದೇ ಅಲ್ಲವೇ ವಕೀಲರೇ? ನನಗೂ ಹೀಗೆಯೇ ಇತ್ತು, ನನ್ನ ಅಮ್ಮನಿಗೂ ಇತ್ತು.” ಆಕೆ ಸಮಾಧಾನಕ್ಕಾಗಿ ಆಡಿದ ಆ ಕೊನೆಯ ಮಾತು ನನಗೆ ಸಾಕ್ಷ್ಯದಂತೆ ಕೇಳಿಸಿತು. ಮೂರು ತಲೆಮಾರಿನಲ್ಲಿ ಕಾಣಿಸುವುದನ್ನು ‘ಇದ್ದದ್ದೇ’ ಎಂದು ಬಿಡುವುದು ಹೇಗೆ?

1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ ಇಂಥದೇ ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಓಲಂಡ್ ದ್ವೀಪಗಳ ಆ ಮನೆಯಲ್ಲಿ ಹೆಣ್ಣು ಗಂಡೆನ್ನದೆ ಅನೇಕರಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅವರು ಮೊದಲು ಪರೀಕ್ಷಿಸಿದ ಬಾಲಕಿ ಮುಂದೆ ಹದಿಮೂರರ ಪ್ರಾಯದಲ್ಲಿ, ತನ್ನ ನಾಲ್ಕನೆಯ ಮುಟ್ಟಿನ ರಕ್ತಸ್ರಾವದಿಂದ ತೀರಿಕೊಂಡಳು. ಆ ರೋಗಕ್ಕೂ ಅದಕ್ಕೆ ಕಾರಣವಾದ ಪ್ರೋಟೀನಿಗೂ ಈಗ ಆ ವೈದ್ಯರ ಹೆಸರೇ ಇದೆ.

ಈ ಪ್ರೋಟೀನು ರಕ್ತದಲ್ಲಿ ಸುರುಳಿಯಾಗಿ ಸಂಚರಿಸುವ ಉದ್ದನೆಯ ನೂಲು. ರಕ್ತನಾಳ ಹರಿದೆಡೆ ಅದು ಬಿಚ್ಚಿಕೊಂಡು, ಹಾದುಹೋಗುವ ಕಿರುಬಿಲ್ಲೆಗಳನ್ನು ಹಿಡಿದು ನಿಲ್ಲಿಸುತ್ತದೆ. ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಂಶವನ್ನು ಹೊತ್ತು ಕಾಪಾಡುವುದೂ ಅದೇ. ನೂಲಿನ ತುಂಬ ಸಕ್ಕರೆಯ ಕಿರುಸರಪಣಿಗಳು ಅಂಟಿಕೊಂಡಿರುತ್ತವೆ. ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಅವುಗಳದ್ದೇ. ಇವು ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಸಿಹಿ ತಿಂದರೆ ಹೆಚ್ಚುವಂಥವೂ ಅಲ್ಲ. ಜೀವಕೋಶವು ಪ್ರೋಟೀನನ್ನು ಕಟ್ಟುವಾಗಲೇ ಪೋಣಿಸುವ ಗ್ಯಾಲಕ್ಟೋಸ್, ಫ್ಯೂಕೋಸ್, ಸಿಯಾಲಿಕ್ ಆಮ್ಲ ಮೊದಲಾದವು.

ಈ ಸರಪಣಿ ಬರಿಯ ಅಲಂಕಾರವಲ್ಲ. ಅದರ ತುದಿಯಲ್ಲಿರುವ ಸಿಯಾಲಿಕ್ ಆಮ್ಲವು ದಸ್ತಾವೇಜಿನ ಮೇಲಿನ ಮುದ್ರೆಯಿದ್ದಂತೆ. ಮುದ್ರೆ ಇರುವವರೆಗೆ ಪ್ರೋಟೀನು ಊರ್ಜಿತ. ಅದು ಕಳಚಿ ಕೆಳಗಿನ ಗ್ಯಾಲಕ್ಟೋಸ್ ಬಯಲಾದರೆ ಯಕೃತ್ತು ಗುರುತು ಹಿಡಿದು ಅದನ್ನು ರಕ್ತದಿಂದ ತೆಗೆದುಹಾಕುತ್ತದೆ.

ಶಾಲೆಯ ಪ್ರವೇಶಪತ್ರದಲ್ಲಿ ನಾವು ತುಂಬಿ ಮರೆಯುವ ‘ರಕ್ತದ ಗುಂಪು’ ಇಲ್ಲಿ ಒಳಬರುತ್ತದೆ. ಎ, ಬಿ ಎಂಬ ಗುಂಪುಗಳೇ ಸಕ್ಕರೆಯ ಗುರುತುಗಳು. ಸರಪಣಿಯ ಕೊನೆಗೆ ಬಿ ಗುಂಪಿನವರಲ್ಲಿ ಒಂದು ಗ್ಯಾಲಕ್ಟೋಸ್, ಎ ಗುಂಪಿನವರಲ್ಲಿ ಅದರದೇ ತುಸು ಮಾರ್ಪಟ್ಟ ರೂಪ. ಒ ಗುಂಪಿನವರಲ್ಲಿ ಎರಡೂ ಇಲ್ಲ. ಈ ಗುರುತು ಕೆಂಪು ರಕ್ತಕಣದ ಮೇಲೆ ಮಾತ್ರವಲ್ಲ, ನಮ್ಮ ನೂಲಿನ ಮೇಲೂ ಇದೆ. 1987ರಲ್ಲಿ ಪ್ರಕಟವಾದ ಅಮೆರಿಕದ ರಕ್ತದಾನಿಗಳ ಅಧ್ಯಯನವೊಂದರಲ್ಲಿ ಈ ಪ್ರೋಟೀನಿನ ಸರಾಸರಿ ಪ್ರಮಾಣ ಒ ಗುಂಪಿನಲ್ಲಿ 75, ಎಯಲ್ಲಿ 106, ಬಿಯಲ್ಲಿ 117, ಎಬಿಯಲ್ಲಿ 123 ಎಂದು ಕಂಡುಬಂತು. ಕೊನೆಯ ಸಕ್ಕರೆಯಿಲ್ಲದ ನೂಲು ರಕ್ತದಲ್ಲಿ ಬೇಗ ತುಂಡಾಗುತ್ತದೆ, ಬೇಗ ಕಾಣೆಯಾಗುತ್ತದೆ. 1952ರಲ್ಲಿ ಮುಂಬಯಿಯಲ್ಲಿ ಪತ್ತೆಯಾಗಿ ಆ ನಗರದ ಹೆಸರನ್ನೇ ಹೊತ್ತ ಅಪರೂಪದ ರಕ್ತದ ಗುಂಪಿನವರಲ್ಲಿ ಫ್ಯೂಕೋಸೂ ಇರುವುದಿಲ್ಲ. ಅವರಲ್ಲಿ ಪ್ರಮಾಣ ಇನ್ನೂ ಕಡಿಮೆ.

ಒ ಗುಂಪಿನವರು ಗಾಬರಿಯಾಗಬೇಕಿಲ್ಲ. ಅವರಲ್ಲಿ ಬಹುಪಾಲು ಜನರು ಆರೋಗ್ಯವಂತರೇ. ಕಾಲಿನ ನಾಳಗಳಲ್ಲಿ ಅನಗತ್ಯವಾಗಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದ ಗುಂಪುಗಳವರಿಗಿಂತ ಅವರಿಗೆ ಕಡಿಮೆ. ನಾನು ಹೇಳಬೇಕೆಂದಿರುವುದು, ಮೊದಲೇ ಪ್ರೋಟೀನು ಕೊರತೆಯ ಮನೆತನದವರಲ್ಲಿ ರಕ್ತದ ಗುಂಪೂ ತನ್ನ ಪಾಲನ್ನು ಕಳೆಯುತ್ತದೆ ಎಂಬುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು. ಕಿರುಬಿಲ್ಲೆಗಳ ಎಣಿಕೆ ಸರಿಯಿರುತ್ತದೆ, ವರದಿಯಲ್ಲಿ ‘ನಾರ್ಮಲ್’ ಎಂದಿರುತ್ತದೆ, ಹುಡುಗಿ ಮಾತ್ರ ಬಿಳಿಚಿಕೊಂಡಿರುತ್ತಾಳೆ. ಈ ಪ್ರೋಟೀನನ್ನೇ ಹೆಸರಿಸಿ ಪರೀಕ್ಷೆ ಮಾಡಿಸಬೇಕು. ಜ್ವರ, ಆತಂಕಗಳಲ್ಲಿ ಪ್ರಮಾಣ ಏರುವುದರಿಂದ ಕೆಲವೊಮ್ಮೆ ಮರುಪರೀಕ್ಷೆಯೂ ಬೇಕು.

ನನ್ನ ಕ್ಷೇತ್ರದ ಮಾತನ್ನೂ ಹೇಳಿಬಿಡುತ್ತೇನೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಹಿಮೋಫೀಲಿಯಾ ಇದೆ, ಥಲಸ್ಸೀಮಿಯಾ ಇದೆ, ಕುಡಗೋಲು ಕಣದ ರೋಗವೂ ಇದೆ. ಈ ರೋಗದ ಹೆಸರಿಲ್ಲ. ಹಿಮೋಫೀಲಿಯಾ ಬಹುತೇಕ ಗಂಡುಮಕ್ಕಳದ್ದು. ಹೆಣ್ಣುಮಕ್ಕಳನ್ನು ತಿಂಗಳು ತಿಂಗಳು ಕಾಡುವ ರಕ್ತಸ್ರಾವ ಶಾಸನದ ಕಣ್ಣಿಗೆ ಬೀಳಲಿಲ್ಲ. ಹೀಗಾಗಿ ಆ ಅಧಿನಿಯಮವನ್ನು ಬದಿಗಿಟ್ಟು, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಹಾಜರಿ ಮನ್ನಾಕ್ಕೆ ಅರ್ಜಿ ಬರೆದುಕೊಟ್ಟೆ.

ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿದರು. ಕೊರತೆ ಇತ್ತು, ಗುಂಪು ಒ. ಮುಟ್ಟಿನ ದಿನಗಳಿಗೆಂದು ವೈದ್ಯರು ಕೊಟ್ಟ ಮಾತ್ರೆಯಿಂದ ಹುಡುಗಿ ಈಗ ಹೆಚ್ಚಿನ ದಿನ ತರಗತಿಯಲ್ಲಿರುತ್ತಾಳೆ. ಹತ್ತನೆಯ ತರಗತಿಗೆ ಬಂದಾಗ ತಾಯಿ ಶಾಲೆಯ ಆರೋಗ್ಯಪತ್ರವನ್ನು ನನ್ನ ಮುಂದಿಟ್ಟರು. ಗುಂಪಿಗೆ ಜಾಗವಿತ್ತು, ರೋಗಕ್ಕೆ ಇರಲಿಲ್ಲ. ಅಂಚಿನಲ್ಲಿ ರೋಗದ ಹೆಸರನ್ನೂ ‘ಆಸ್ಪಿರಿನ್ ಕೊಡಕೂಡದು’ ಎಂಬ ಸೂಚನೆಯನ್ನೂ ಆಕೆ ಕನ್ನಡದಲ್ಲಿ ಬರೆದರು. ಅದರ ಕೆಳಗೆ ನನ್ನ ಗುಮಾಸ್ತರಿಂದ ಮಲೆಯಾಳದಲ್ಲಿಯೂ ಬರೆಸಿದೆವು.