ಇಸಬಿಗೆ ತಾಯಂದಿರನ್ನು ದೂರಬೇಡಿ

“ಅಣ್ಣಾರ, ಹ್ವಾದ ಸಲದ್ದ ಟ್ಯೂಬ್ ಕೊಡ್ರಿ.” ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ನೇಕಾರರ ಮನೆಯ ತಾಯಿಯಾಗಲಿ, ಮುಧೋಳ, ಬೀಳಗಿಯ ಕಡೆ ಕಬ್ಬು ಕಡಿಯುವ ತಾಯಿಯಾಗಲಿ, ಮಗುವಿನ ಇಸಬಿಗೆಂದು ಔಷಧಿ ಅಂಗಡಿಯಲ್ಲಿ ಕೇಳುವುದು ಇಷ್ಟೇ. ಅವಳ ಬಳಿ ವೈದ್ಯರ ಚೀಟಿ ಇರುವುದಿಲ್ಲ; ಬಹಳ ಕಡೆ ಯಾರೂ ಕೇಳುವುದಿಲ್ಲ. ಕೈಗೆ ಬರುವುದು ಬೆಟಾಮೆಥಸೋನ್ ಎಂಬ ಸ್ಟೀರಾಯ್ಡ್ ಮುಲಾಮು, ಇಲ್ಲವೇ ಅದಕ್ಕಿಂತ ಕಡುವಾದ ಕ್ಲೋಬೆಟಸೋಲ್. ಮಗ್ಗದ ಪಕ್ಕದ ಗೂಡಿನಲ್ಲಿ ಆ ಟ್ಯೂಬು ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಒಳಗೆ ಅಂಟಿದ ಚೂರೂ ಸಿಗಲೆಂದು ಕತ್ತರಿಯಿಂದ ಸೀಳಿರುತ್ತಾರೆ.

ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಸರಿಯಾಗಿಯೇ ಇದೆ. ಕಡು ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಮಗುವಿನ ಕೆನ್ನೆಯ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣುತ್ತವೆ. ಥಟ್ಟನೆ ಬಿಟ್ಟರೆ ಇಸಬು ಮತ್ತೆ ಕೆರಳಬಹುದು. ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಅದೇ ಒಳ್ಳೆಯ ಮದ್ದು.

ಆದರೆ ಈ ನಿಯಮದ ಬಗ್ಗೆ ನಡೆದಿರುವ ಜಗಳ ನೋಡಿ. ಅಂಗಡಿಗಳ ಮೇಲೆ ದಾಳಿ ಮಾಡಿ ಎನ್ನುವವರು ಒಂದು ಕಡೆ, ಬಡವರು ಡಾಕ್ಟರಿಗೆ ಎಲ್ಲಿಂದ ದುಡ್ಡು ತರಬೇಕು ಎನ್ನುವವರು ಇನ್ನೊಂದು ಕಡೆ. ಟ್ಯೂಬು ಕಸಿದುಕೊಂಡ ಮೇಲೆ ಆ ತಾಯಿಯ ಕೈಯಲ್ಲಿ ಏನು ಉಳಿಯುತ್ತದೆ ಎಂದು ಇಬ್ಬರೂ ಕೇಳುತ್ತಿಲ್ಲ.

ಇಸಬು ಬಂದ ಚರ್ಮ ತೇವ ಹಿಡಿದಿಡಲಾರದು. ದಿನವೂ ವ್ಯಾಸಲೀನಿನಂಥ ಜಿಡ್ಡು ಹಚ್ಚುವುದೇ ಅದರ ಮೂಲ ಆರೈಕೆ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಮಗುವೊಂದಕ್ಕೆ ಇಂಥ ಜಿಡ್ಡನ್ನು ವಾರಕ್ಕೆ 250ರಿಂದ 500 ಗ್ರಾಂ ಕೊಡಬೇಕೆನ್ನುತ್ತದೆ. ಕೂಲಿಯ ದುಡ್ಡಿನಲ್ಲಿ ಅಷ್ಟು ಕೊಳ್ಳಲಾದೀತೇ? ಸ್ಟೀರಾಯ್ಡಿನ ಸಣ್ಣ ಟ್ಯೂಬು ತಂದರೆ ಮಗು ಇಂದು ರಾತ್ರಿ ಕೆರೆದುಕೊಳ್ಳದೆ ಮಲಗುತ್ತದೆ, ನಾಳೆ ಮಗ್ಗ ನಡೆಯುತ್ತದೆ. ಇದನ್ನು ಅಜ್ಞಾನ ಎನ್ನುವುದು ಅನ್ಯಾಯ.

ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಚರ್ಮರೋಗವೂ ಸೇರಿದೆ. ಅದರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಹೋಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿ ತಿಂಗಳೂ ಜಿಡ್ಡಿನ ಮುಲಾಮು ಪುಕ್ಕಟೆ ಸಿಗಲಿ. ಸ್ನಾನವಾದ ಕೂಡಲೇ, ಮೈ ಪೂರ್ತಿ ಆರುವ ಮೊದಲೇ ಹಚ್ಚಬೇಕೆಂದು ಆಶಾ ಕಾರ್ಯಕರ್ತೆ ತೋರಿಸಿಕೊಡಲಿ. ಬಾಗಲಕೋಟೆಗೆ ಹೋಗಿಬರಲು ಒಂದು ದಿನದ ಕೂಲಿ ಕಳೆಯದಂತೆ, ಜಮಖಂಡಿಯ ಸರ್ಕಾರಿ ಆಸ್ಪತ್ರೆಗೆ ವಾರದ ಗೊತ್ತಾದ ದಿನ ಚರ್ಮವೈದ್ಯರು ಬರಲಿ. ಜೊತೆಗೇ ಅಂಗಡಿಗಳಲ್ಲಿ ಚೀಟಿಯ ನಿಯಮವೂ ಕಟ್ಟುನಿಟ್ಟಾಗಲಿ.

ಮುಂದಿನ ಸಲ ಆ ತಂಡ ರಬಕವಿಯ ಅಂಗನವಾಡಿಗೆ ಬಂದಾಗ, ಮಗುವಿನ ಮೊಳಕೈ ಮಡಿಕೆ ನೋಡಿ ಪಟ್ಟಿಯಲ್ಲಿ ಗುರುತು ಹಾಕಿದರೆ ಸಾಲದು. ತಾಯಿಯ ಕೈಗೆ ಒಂದು ಡಬ್ಬಿ ಕೊಟ್ಟು ಹೋಗಬೇಕು.