ಕರುಣೆಯ ಪ್ರಶಸ್ತಿಗೆ ಪಾತ್ರರಾರು?

ವಿದ್ಯಾಸಂಸ್ಥೆಗಳು ರಾಜಕೀಯ ಧುರೀಣರನ್ನು ಕರೆದು, ಶಾಲು ಹೊದಿಸಿ, ಹಾರ ಹಾಕಿ ಸನ್ಮಾನಿಸುವುದು ನಮ್ಮ ನಾಡಿಗೆ ಹೊಸತಲ್ಲ. ಅತಿಥಿಸತ್ಕಾರವೆಂದು ಅದನ್ನು ಸಹಿಸಿಕೊಳ್ಳಬಹುದು. ಆದರೆ ಒಂದು ಕಾಲೇಜು ಅಥವಾ ವಿಶ್ವವಿದ್ಯಾಲಯವು ಅಧಿಕಾರಸ್ಥರೊಬ್ಬರಿಗೆ 'ಮಾನವೀಯ ಸೇವೆಗಾಗಿ' ಎಂದು ಬರೆದ ಫಲಕವನ್ನೋ ಗೌರವ ಪದವಿಯನ್ನೋ ಕೊಟ್ಟಾಗ ಅದು ಬರಿಯ ಸತ್ಕಾರವಲ್ಲ, ಒಂದು ಸಾಕ್ಷ್ಯ. ಈ ವ್ಯಕ್ತಿಯಿಂದ ಜೀವಿಗಳಿಗೆ ಹಿತವಾಗಿದೆಯೆಂದು ಆ ಸಂಸ್ಥೆಯು ಲೋಕದ ಮುಂದೆ ಬರೆದುಕೊಟ್ಟಂತಾಯಿತು. ಆ ಬರಹವು ಸುಳ್ಳಾಗಿದ್ದರೆ ದೋಷವು ಯಾರದು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು, ಎಂದರೆ ಸುಳ್ಳು ಪತ್ರವನ್ನು ಬರೆಯುವುದೂ ವ್ರತಕ್ಕೆ ಕಳಂಕವೆಂದು, ನಮ್ಮ ಆಚಾರ್ಯರು ಎಣಿಸಿದ್ದಾರೆ. ವ್ಯಾಪಾರದ ಲೆಕ್ಕಪತ್ರಕ್ಕೆ ಅನ್ವಯಿಸುವ ಈ ಮಾತು ಸನ್ಮಾನಪತ್ರಕ್ಕೆ ಅನ್ವಯಿಸದೆ?

ಪ್ರಶಸ್ತಿಯೂ ಒಂದು ಬಗೆಯ ದಾನವೇ. ದಾನದ ಹಿರಿಮೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಇಲ್ಲಿ ದ್ರವ್ಯವೆಂದರೆ ಬೆಳ್ಳಿಯ ಫಲಕವಲ್ಲ. ಆ ಸಂಸ್ಥೆಯು ತಲೆಮಾರುಗಳಿಂದ ಗಳಿಸಿದ ಸತ್ಕೀರ್ತಿ. ದಾತೃವೆಂದರೆ ಆಡಳಿತ ಮಂಡಳಿಯ ನಾಲ್ಕು ಮಂದಿಯಲ್ಲ. ಅಲ್ಲಿ ಕಲಿತವರೂ ಕಲಿಸಿದವರೂ ಎಲ್ಲರೂ ಸೇರಿದ ಸಮುದಾಯ. ಇನ್ನು ಪಾತ್ರನ ವಿಚಾರ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮಾನವೀಯತೆಯ ಹೆಸರಿಗೆ ಅತ್ಯಂತ ಸಮೀಪವಾದುದು ಅಭಯದಾನ. ಆದುದರಿಂದ ಇಂತಹ ಪ್ರಶಸ್ತಿಯನ್ನು ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೈಯ ಕೆಳಗೆ ಬದುಕಿದ ದುರ್ಬಲರಿಗೆ ಅಭಯ ದೊರೆಯಿತೆ, ಭಯ ದೊರೆಯಿತೆ? ಇದಕ್ಕೆ ಉತ್ತರ ಹೇಳಬೇಕಾದವರು ಆ ದುರ್ಬಲರೇ ಹೊರತು ಪ್ರಶಸ್ತಿ ಸಮಿತಿಯವರಲ್ಲ.

ಈ ಪ್ರಶ್ನೆಯನ್ನು ಕೇಳದೆಹೋದರೆ ಏನಾಗುವುದೆಂಬುದಕ್ಕೆ ಎಡಿನ್‌ಬರೋ ವಿಶ್ವವಿದ್ಯಾಲಯದ ನಿದರ್ಶನವು ಸಾಕು. ಸ್ಕಾಟ್‌ಲೆಂಡಿನ ಈ ಪ್ರಾಚೀನ ವಿದ್ಯಾಪೀಠವು 1984ರಲ್ಲಿ ಜಿಂಬಾಬ್ವೆಯ ಪ್ರಧಾನಿ ರಾಬರ್ಟ್ ಮುಗಾಬೆಯವರಿಗೆ ಆಫ್ರಿಕದ ಶಿಕ್ಷಣಕ್ಕೆ ಸಲ್ಲಿಸಿದ ಸೇವೆಗಾಗಿ ಗೌರವ ಡಾಕ್ಟರೇಟನ್ನು ನೀಡಿತು. ಬಿಳಿಯರ ದಬ್ಬಾಳಿಕೆಯ ವಿರುದ್ಧ ಹೋರಾಡಿ ಸೆರೆಮನೆ ಕಂಡವರು, ಶಾಲೆಗಳನ್ನು ಹೆಚ್ಚಿಸಿದವರು ಎಂಬುದೆಲ್ಲ ನಿಜ. ಆದರೆ ಅದೇ ವೇಳೆಗೆ ಅವರ ಸರ್ಕಾರವು ಉತ್ತರ ಕೊರಿಯದವರಿಂದ ತರಬೇತಿ ಪಡೆದ ಐದನೆಯ ಬ್ರಿಗೇಡ್ ಎಂಬ ಸೇನಾತುಕಡಿಯನ್ನು ಮಾಟಬೆಲೆಲ್ಯಾಂಡ್ ಪ್ರಾಂತಕ್ಕೆ ಕಳುಹಿಸಿತ್ತು. 1983ರ ಜನವರಿಯಿಂದ ಅಲ್ಲಿ ನಡೆದ ಹತ್ಯೆಗಳಲ್ಲಿ ಸತ್ತವರು ಇಪ್ಪತ್ತು ಸಾವಿರದವರೆಗೂ ಇರಬಹುದೆಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ನಿರಾಯುಧರಾದ ಗ್ರಾಮಸ್ಥರು.

'ಆಗ ನಮಗೆ ಇದು ತಿಳಿದಿರಲಿಲ್ಲ' ಎಂಬ ಸಮಾಧಾನವು ನಿಲ್ಲುವಂತಹುದಲ್ಲ. ಆ ದೇಶದ ಕ್ಯಾಥೊಲಿಕ್ ಬಿಷಪರು 1983ರ ಈಸ್ಟರ್ ಸಮಯದಲ್ಲಿಯೇ ಈ ಕ್ರೌರ್ಯವನ್ನು ಖಂಡಿಸಿ ಬಹಿರಂಗ ಪತ್ರವನ್ನು ಹೊರಡಿಸಿದ್ದರು. ಸಂಕಟಪಟ್ಟವರ ಧ್ವನಿಯು ಲೋಕಕ್ಕೆ ತಲುಪಿತ್ತು. ಕೇಳುವ ಮನಸ್ಸು ಇರಲಿಲ್ಲ. ಮುಂದೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯವು 1986ರಲ್ಲಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವು 1990ರಲ್ಲಿ ಅವರನ್ನು ಗೌರವಿಸಿದವು. ಒಬ್ಬರು ಕೊಟ್ಟರೆಂದು ಇನ್ನೊಬ್ಬರು ಕೊಟ್ಟರು! ಕೊನೆಗೆ ವಿದ್ಯಾರ್ಥಿಗಳ ಒತ್ತಾಯ ಬಲವಾಗಿ ಎಡಿನ್‌ಬರೋ 2007ರಲ್ಲಿ ತನ್ನ ಪದವಿಯನ್ನು ಹಿಂತೆಗೆದುಕೊಂಡಿತು. ಉಳಿದೆರಡೂ 2008ರಲ್ಲಿ ಅದೇ ದಾರಿಯನ್ನು ಹಿಡಿದವು. ಅಷ್ಟರಲ್ಲಿ ಇಪ್ಪತ್ತಮೂರು ವರ್ಷಗಳು ಕಳೆದಿದ್ದವು. ಪದವಿಯನ್ನು ಹಿಂದೆ ಪಡೆದುದರಿಂದ ಸತ್ತವರಲ್ಲಿ ಒಬ್ಬರಾದರೂ ಎದ್ದು ಬಂದರೆ? ಅವರು ಸಾಯುತ್ತಿದ್ದ ಕಾಲದಲ್ಲಿ ಆ ಪದವಿಯು ಕೊಂದವರಿಗೆ ಒಂದು ಗುರಾಣಿಯಾಗಿತ್ತು ಎಂಬುದೇ ಇದರ ದಾರುಣ ಭಾಗ.

ಇಷ್ಟಾದರೂ ಲೋಕವು ಪಾಠ ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರ ಅಕ್ಟೋಬರಿನಲ್ಲಿ ಇದೇ ಮುಗಾಬೆಯವರನ್ನು ಸದ್ಭಾವನಾ ರಾಯಭಾರಿಯೆಂದು ಘೋಷಿಸಿ, ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಆ ನೇಮಕವನ್ನು ರದ್ದುಗೊಳಿಸಬೇಕಾಯಿತು.

ಇಲ್ಲಿ ಮೂರು ಆಕ್ಷೇಪಗಳು ಏಳುವುದು ಸಹಜ. 'ಅನೇಕಾಂತವನ್ನು ಒಪ್ಪುವ ನಾವು ಒಬ್ಬ ವ್ಯಕ್ತಿಯ ಒಳ್ಳೆಯ ಮುಖವನ್ನೂ ನೋಡಬೇಡವೆ?' ಎಂಬುದು ಮೊದಲನೆಯದು. ನೋಡಲೇಬೇಕು. ಆದರೆ ಅನೇಕಾಂತವು ಎಲ್ಲ ಪಕ್ಕಗಳಿಂದಲೂ ನೋಡೆನ್ನುತ್ತದೆ. ಅಧಿಕಾರದ ಪಕ್ಕದಿಂದ ಮಾತ್ರ ನೋಡೆನ್ನುವುದಿಲ್ಲ. ಶಾಲೆ ಕಟ್ಟಿಸಿದ್ದನ್ನು ಕಂಡು ಸುಟ್ಟ ಗುಡಿಸಲನ್ನು ಕಾಣದವನದು ಏಕಾಂತದೃಷ್ಟಿಯೇ ಸರಿ. ಶಾಲೆ ಕಟ್ಟಿಸಿದವರಿಗೆ ಶಾಲೆ ಕಟ್ಟಿಸಿದರೆಂದು ಕೃತಜ್ಞತೆ ಹೇಳಲಿ. ಕರುಣಾಳುವೆಂಬ ಬಿರುದು ಬೇರೆಯ ಮಾತು.

ಎರಡನೆಯದು ಕ್ಷಮೆಯ ಮಾತು. ಕ್ಷಮಾವಣಿಯನ್ನು ಆಚರಿಸುವ ಸಮಾಜವು ಹಳೆಯ ತಪ್ಪುಗಳನ್ನು ಎತ್ತಿ ಆಡಬಹುದೆ ಎಂದು ಕೇಳುವವರುಂಟು. ಕ್ಷಮಿಸುವ ಅಧಿಕಾರವಿರುವುದು ನೊಂದವನಿಗೆ. ಅವನ ಪರವಾಗಿ ಕಾಲೇಜಿನ ಆಡಳಿತ ಮಂಡಳಿಯು ಕ್ಷಮಿಸಲು ಬರುವುದಿಲ್ಲ. ಅದಲ್ಲದೆ ಆಲೋಚನೆ, ಪ್ರತಿಕ್ರಮಣಗಳು ಮೊದಲು ತಪ್ಪು ಮಾಡಿದವನಿಂದ ನಡೆಯಬೇಕು. ಕಳಿಂಗದಲ್ಲಿ ಲಕ್ಷ ಜನ ಸತ್ತರೆಂದು, ಅದಕ್ಕಾಗಿ ತಾನು ಪಶ್ಚಾತ್ತಾಪ ಪಡುವೆನೆಂದು ಅಶೋಕನು ತಾನೇ ಕಲ್ಲಿನಲ್ಲಿ ಬರೆಸಿದನು. ಅಂತಹ ಒಂದು ಮಾತನ್ನೂ ಆಡದವರ ಕೊರಳಿಗೆ ನಾವೇಕೆ ಹಾರ ಹಾಕಬೇಕು?

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ; ಆದರೆ ನಿಜವಾದ ಕಾರಣವು ಅದೇ. ಕಟ್ಟಡಕ್ಕೆ ಅನುದಾನ ಬರಬೇಕು, ಹೊಸ ಕೋರ್ಸಿಗೆ ಮಂಜೂರಾತಿ ಆಗಬೇಕು, ಕಾಲೇಜಿನ ರಸ್ತೆಗೆ ಡಾಂಬರು ಬೀಳಬೇಕು. ಇವೆಲ್ಲ ವಿದ್ಯಾರ್ಥಿಗಳ ಹಕ್ಕುಗಳು. ಹಕ್ಕನ್ನು ಬಿರುದು ಕೊಟ್ಟು ಕೊಳ್ಳುವುದಾದರೆ ಅದು ದಾನವೂ ಅಲ್ಲ, ಗೌರವವೂ ಅಲ್ಲ. ಅದಕ್ಕೆ ಅಂಗಡಿಬೀದಿಯಲ್ಲಿ ಬೇರೆಯೇ ಹೆಸರಿದೆ.

ಬೇಡವೆನ್ನುವ ಧೈರ್ಯವು ವಿದ್ಯಾವಂತರಿಗೆ ಅಸಾಧ್ಯವೇನಲ್ಲ. ಆಕ್ಸ್‌ಫರ್ಡಿನಲ್ಲಿಯೇ ಕಲಿತ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದಾಗ, ಅವರಿಗೆ ಗೌರವ ಪದವಿ ಕೊಡುವ ಪ್ರಸ್ತಾಪವು 1985ರ ಜನವರಿಯಲ್ಲಿ ಅಲ್ಲಿನ ಅಧ್ಯಾಪಕರ ಸಭೆಗೆ ಬಂತು. ಶಿಕ್ಷಣದ ಹಣವನ್ನು ಕಡಿತಗೊಳಿಸಿದ ಸರ್ಕಾರದ ಮುಖ್ಯಸ್ಥರಿಗೆ ಈ ಗೌರವ ಸಲ್ಲದೆಂದು ಸಭೆಯು 319ರ ವಿರುದ್ಧ 738 ಮತಗಳಿಂದ ಅದನ್ನು ತಿರಸ್ಕರಿಸಿತು. ಆಕ್ಸ್‌ಫರ್ಡು ಇದರಿಂದ ಮುಳುಗಿಹೋಗಲಿಲ್ಲ. ಪಡೆಯುವವರೂ ಬೇಡವೆನ್ನಬಲ್ಲರು: ಬೆಂಗಳೂರು ವಿಶ್ವವಿದ್ಯಾಲಯವು 2017ರಲ್ಲಿ ಗೌರವ ಡಾಕ್ಟರೇಟ್ ಕೊಡಮುಂದಾದಾಗ ಕ್ರಿಕೆಟಿಗ ರಾಹುಲ್ ದ್ರಾವಿಡ್ ಅದನ್ನು ವಿನಯದಿಂದ ನಿರಾಕರಿಸಿ, ಕ್ರೀಡಾಕ್ಷೇತ್ರದಲ್ಲಿ ಸಂಶೋಧನೆ ಮಾಡಿಯೇ ಅದನ್ನು ಗಳಿಸಲು ಯತ್ನಿಸುವೆನೆಂದರು.

ಇದು ದೂರದ ಊರುಗಳ ಮಾತೆಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಬಂಧುಗಳು ತಿಳಿಯಬಾರದು. ಪದವಿ ಕೊಡುವ ಅಧಿಕಾರವು ಕಾನೂನಿನಂತೆ ವಿಶ್ವವಿದ್ಯಾಲಯಗಳಿಗೆ ಉಂಟೇ ಹೊರತು ಅವುಗಳಿಗೆ ಸಂಯೋಜಿತವಾದ ಕಾಲೇಜುಗಳಿಗಿಲ್ಲ. ವಿಶ್ವವಿದ್ಯಾಲಯದಲ್ಲಿ ಸಿಂಡಿಕೇಟ್ ಇದೆ, ಕುಲಾಧಿಪತಿಗಳ ಒಪ್ಪಿಗೆ ಬೇಕು. ಕಾಲೇಜು ತಾನಾಗಿ ಹುಟ್ಟಿಸಿಕೊಂಡ ಪ್ರಶಸ್ತಿಗೆ ಅಂತಹ ಯಾವ ತಡೆಯೂ ಇಲ್ಲ. ಅಧ್ಯಕ್ಷರ ಮನಸ್ಸೇ ನಿಯಮ. ಆದುದರಿಂದಲೇ ಎಚ್ಚರವು ಇಲ್ಲಿ ಹೆಚ್ಚು ಬೇಕು.

ಕರುಣೆಯು ಪರೀಕ್ಷೆಗೆ ಒಳಗಾಗುವ ಸ್ಥಳಗಳೂ ನಮ್ಮ ಕಣ್ಣೆದುರಿಗೇ ಇವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯವು 101 ಜನರನ್ನು ಅಪರಾಧಿಗಳೆಂದು ಸಾರಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ, ದಲಿತರ ಎಳೆಯ ಮಗುವೊಂದು ಗುಡಿಯೊಳಗೆ ಹೋಯಿತೆಂದು ಶುದ್ಧೀಕರಣದ ಹೆಸರಿನಲ್ಲಿ ಆ ಕುಟುಂಬಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ದಂಡ ಕೇಳಲಾಯಿತು. ಮೇಲ್ಮನವಿಗಳ ಫಲ ಏನೇ ಇರಲಿ, ಒಂದೇ ಊರಿನಲ್ಲಿ ಬಾಳುತ್ತ, ಬೆದರಿಕೆಯ ನಡುವೆ ನ್ಯಾಯಾಲಯದ ಕಟ್ಟೆಯೇರಿ ಸತ್ಯ ನುಡಿಯುವ ಕೂಲಿಯವನೂ, ನೊಂದ ಮನೆಗೆ ಹೋಗಿ ಧೈರ್ಯ ಹೇಳುವ ನೆರೆಯವಳೂ ನಮ್ಮ ಪ್ರಶಸ್ತಿ ಸಮಿತಿಗಳ ಕಣ್ಣಿಗೆ ಏಕೆ ಬೀಳುವುದಿಲ್ಲ? ಅವರ ಹಿಂದೆ ಕಾರುಗಳ ಸಾಲು ಬರುವುದಿಲ್ಲವೆಂದೆ?

ಕಾಲೇಜುಗಳಿಗೆ ದತ್ತಿ, ವಿದ್ಯಾರ್ಥಿವೇತನ, ಪದಕಗಳನ್ನು ಕೊಡುವ ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಮೌನವಾಗಿರಬಾರದು. ದತ್ತಿಯ ಕರಾರಿನಲ್ಲಿಯೇ ನಾಲ್ಕು ನಿಯಮಗಳನ್ನು ಬರೆಸಬಹುದು. ಅಧಿಕಾರದಲ್ಲಿರುವವರಿಗೆ, ಚುನಾವಣೆಗೆ ನಿಲ್ಲುವವರಿಗೆ, ಸಂಸ್ಥೆಯು ಯಾರಿಂದ ಉಪಕಾರವನ್ನು ನಿರೀಕ್ಷಿಸುತ್ತಿದೆಯೋ ಅವರಿಗೆ ಮಾನವೀಯತೆಯ ಹೆಸರಿನ ಪ್ರಶಸ್ತಿಯನ್ನು ಕೊಡತಕ್ಕದ್ದಲ್ಲ. ಆಯ್ಕೆಯಾದವರ ಹೆಸರನ್ನೂ ಸನ್ಮಾನಪತ್ರದ ಒಕ್ಕಣೆಯನ್ನೂ ಒಂದು ತಿಂಗಳು ಮೊದಲೇ ಸೂಚನಾಫಲಕದಲ್ಲಿ ಹಾಕಿ ಆಕ್ಷೇಪಗಳನ್ನು ಕೇಳತಕ್ಕದ್ದು. ಉಪಕಾರ ಪಡೆದವರಲ್ಲಿ ಕೆಲವರಾದರೂ ಬಂದು ಸಾಕ್ಷಿ ನುಡಿಯಬೇಕು. ತಪ್ಪಿ ಕೊಟ್ಟುದೆಂದು ತಿಳಿದರೆ ಬರಹದ ಮೂಲಕ ಹಿಂದೆ ಪಡೆಯಬೇಕು. ಇದನ್ನು ಒಪ್ಪದ ಸಂಸ್ಥೆಗೆ ನಮ್ಮ ದತ್ತಿಯೂ ಬೇಡ. ಅದರ ವೇದಿಕೆಯ ಮೇಲೆ ನಮ್ಮ ಧರ್ಮದರ್ಶಿಗಳಿಗೆ ಕುರ್ಚಿಯೂ ಬೇಡ.

ನಾವು ವಾಸಿಸುತ್ತಿರುವುದು ಕೊಪಣತೀರ್ಥದ ನೆಲದಲ್ಲಿ. ಇಲ್ಲಿಗೆ ಸಮೀಪದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಗೆ ದಾನಚಿಂತಾಮಣಿಯೆಂಬ ಹೆಸರು ನಿಂತಿರುವುದು ಅವಳು ಬರೆಯಿಸಿ ಹಂಚಿದ ಶಾಂತಿಪುರಾಣದ ಸಾವಿರ ಪ್ರತಿಗಳಂತಹ ದಾನಗಳಿಂದಲೇ ಹೊರತು ಯಾವ ಸಮಿತಿಯ ನಿರ್ಣಯದಿಂದಲೂ ಅಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲಿರುವ ಅಶೋಕನ ಶಾಸನವು, ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಪ್ರಯತ್ನಶೀಲನಾದ ಚಿಕ್ಕವನಿಗೂ ಅದು ಸಾಧ್ಯವೆಂಬ ಅರ್ಥವನ್ನು ಸಾರುತ್ತದೆ. ಚಕ್ರವರ್ತಿಯೊಬ್ಬನು ಒಪ್ಪಿಕೊಂಡ ಈ ಮಾತನ್ನು ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳು ಒಪ್ಪಿಕೊಳ್ಳಲು ಇನ್ನೆಷ್ಟು ಕಾಲ ಬೇಕು? ವಿಚಾರವಂತರಾದ ಶ್ರಾವಕ-ಶ್ರಾವಿಕೆಯರು ತಮ್ಮ ತಮ್ಮ ಊರಿನ ಸಭೆಗಳಲ್ಲಿ ಈ ಪ್ರಶ್ನೆಯನ್ನು ಎತ್ತಲಿ.